ಗೊತ್ತಿದ್ದೂ ಖಾಲಿ ಬಿಟ್ಟ ಪ್ರಶ್ನೆಗಳು

ಪ್ರತಿ ವರ್ಷ ಜನವರಿಯಲ್ಲಿ ನಮ್ಮ ಪ್ರೌಢಶಾಲೆಯ ಹತ್ತನೇ ತರಗತಿಯ ಮಕ್ಕಳಿಗೆ ನಾನೊಂದು ಅಭ್ಯಾಸ ಪರೀಕ್ಷೆ ನಡೆಸುವುದುಂಟು. ಮುಂದೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಸಿಇಟಿ, ನೀಟ್ ಬರೆಯುವವರಿಗೆ ಈಗಿನಿಂದಲೇ ಸ್ವಲ್ಪ ರೂಢಿಯಾಗಲಿ ಎಂಬುದು ಉದ್ದೇಶ. ಅರವತ್ತು ಪ್ರಶ್ನೆಗಳು. ಪ್ರತಿಯೊಂದರ ಕೆಳಗೆ ನಾಲ್ಕು ಉತ್ತರ. ನೀಟ್‌ನಲ್ಲಿರುವಂತೆಯೇ ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ, ಬಿಟ್ಟರೆ ಸೊನ್ನೆ.

ಕೆಲವು ವರ್ಷಗಳ ಹಿಂದೆ ಈ ಹಾಳೆಗಳನ್ನು ತಿದ್ದುತ್ತಿದ್ದಾಗ ಎರಡು ಹಾಳೆಗಳು ಒಂದರ ಹಿಂದೊಂದು ಕೈಗೆ ಬಂದವು. ಮೊದಲನೆಯದು ಒಬ್ಬ ಹುಡುಗನದು. ಅರವತ್ತರಲ್ಲಿ ಐವತ್ತೊಂಬತ್ತಕ್ಕೆ ಗುರುತು ಹಾಕಿದ್ದ. 36 ಸರಿ, 23 ತಪ್ಪು. ಒಟ್ಟು 121 ಅಂಕ. ಎರಡನೆಯದು ತರಗತಿಯಲ್ಲಿ ಸದಾ ಮುಂದಿರುವ ಒಬ್ಬ ಹುಡುಗಿಯದು. ಅವಳು ಗುರುತು ಹಾಕಿದ್ದು 33ಕ್ಕೆ ಮಾತ್ರ. ಅದರಲ್ಲಿ 30 ಸರಿ, 3 ತಪ್ಪು. ಒಟ್ಟು 117. ಉಳಿದ 27 ಪ್ರಶ್ನೆಗಳ ಮುಂದೆ ಬರೀ ಖಾಲಿ ವೃತ್ತಗಳು.

ಮರುದಿನ ಅವಳನ್ನು ಸ್ಟಾಫ್‌ರೂಮಿಗೆ ಕರೆದೆ.

“ಏನಮ್ಮ, ಇಷ್ಟೊಂದು ಬಿಟ್ಟಿದ್ದೀಯಲ್ಲ, ಟೈಮ್ ಸಾಲಲಿಲ್ವಾ?”

“ಟೈಮ್ ಇತ್ತು ಸಾರ್. ಸರಿಯಾಗಿ ಗೊತ್ತಿರಲಿಲ್ಲ. ತಪ್ಪಾದ್ರೆ ಇರೋ ಮಾರ್ಕ್ಸೂ ಹೋಗುತ್ತಲ್ವಾ ಸಾರ್?”

“ಸರಿ, ಈಗ ಮಾರ್ಕ್ಸ್ ಇಲ್ಲ, ಏನೂ ಇಲ್ಲ. ಸುಮ್ಮನೆ ನಿನಗೆ ಅನ್ನಿಸಿದ್ದನ್ನು ಹೇಳು ನೋಡೋಣ” ಎಂದು ಬಿಟ್ಟ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳುತ್ತ ಹೋದೆ. ಇಪ್ಪತ್ತೇಳರಲ್ಲಿ ಹದಿನಾಲ್ಕಕ್ಕೆ ಸರಿಯಾದ ಉತ್ತರ ಹೇಳಿದಳು! ಅಂದರೆ 56 ಅಂಕ ಬಂದು, ತಪ್ಪಿದ ಹದಿಮೂರಕ್ಕೆ 13 ಹೋಗಿ, 43 ಅಂಕ ಅವಳ ಕೈಯಲ್ಲೇ ಇತ್ತು. ಹಾಳೆಯ ಮೇಲೆ ಹುಡುಗನಿಗಿಂತ ನಾಲ್ಕು ಅಂಕ ಹಿಂದಿದ್ದವಳು ತಿಳಿವಳಿಕೆಯ ಲೆಕ್ಕದಲ್ಲಿ ಮೂವತ್ತೊಂಬತ್ತು ಅಂಕ ಮುಂದಿದ್ದಳು.

ನನಗೆ ಸುಮ್ಮನಿರಲಾಗಲಿಲ್ಲ. ಸಂಜೆ ಇಡೀ ಕಟ್ಟನ್ನು ಮತ್ತೆ ಬಿಚ್ಚಿ, ಖಾಲಿ ಬಿಟ್ಟ ಪ್ರಶ್ನೆಗಳನ್ನಷ್ಟೇ ಎಣಿಸಿದೆ. ಹೆಚ್ಚು ಖಾಲಿ ಬಿಟ್ಟ ಹಾಳೆಗಳು ಬಹುಪಾಲು ಹುಡುಗಿಯರವೇ ಆಗಿದ್ದವು. ಇಷ್ಟು ವರ್ಷ ಇದನ್ನು ನೋಡಿಯೂ ನಾನು ಏನೆಂದುಕೊಂಡಿದ್ದೆ ಗೊತ್ತೇ? “ಹುಡುಗಿಯರು ಜಾಗರೂಕರು, ಸುಮ್ಮಸುಮ್ಮನೆ ಗುರುತು ಹಾಕುವುದಿಲ್ಲ, ಒಳ್ಳೆಯ ಅಭ್ಯಾಸ” ಎಂದು. ಅಷ್ಟೇ ಅಲ್ಲ, ಅದನ್ನು ತರಗತಿಯಲ್ಲಿ ಹೊಗಳಿಯೂ ಇದ್ದೆ.

ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಗೆಳೆಯರೊಬ್ಬರ ಬಳಿ ಇದನ್ನು ಹೇಳಿಕೊಂಡಾಗ ಅವರು ನಕ್ಕರು. “ಮೇಷ್ಟ್ರೇ, ಇದು ನಿಮ್ಮ ಶಾಲೆಯ ಕಥೆ ಮಾತ್ರ ಅಲ್ಲ. ಇದರ ಮೇಲೆ ಪ್ರಯೋಗಗಳೇ ಆಗಿವೆ” ಎಂದರು. ಅರ್ಥಶಾಸ್ತ್ರದಲ್ಲಿ ಪ್ರಯೋಗವೇ? ವಿಜ್ಞಾನದ ಮೇಷ್ಟ್ರಾದ ನನಗೆ ಅದೇ ಮೊದಲ ಅಚ್ಚರಿ.

ಅರ್ಥಶಾಸ್ತ್ರಕ್ಕೂ ಪ್ರಯೋಗಾಲಯ

ಲೋಲಕದ ಪ್ರಯೋಗ ಮಾಡುವಾಗ ನಾವು ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠ ಯಾವುದು? ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ದಾರದ ಉದ್ದ ಬದಲಿಸಿದರೆ ಗುಂಡಿನ ತೂಕ ಹಾಗೇ ಇರಬೇಕು. ಆಗ ಮಾತ್ರ ಬದಲಾವಣೆಗೆ ಕಾರಣ ಯಾವುದೆಂದು ಖಚಿತವಾಗಿ ಹೇಳಬಹುದು. ಪ್ರಾಯೋಗಿಕ ಅರ್ಥಶಾಸ್ತ್ರದ ಸೂತ್ರವೂ ಇದೇ. ಇಲ್ಲಿ ಲೋಲಕದ ಬದಲು ಮನುಷ್ಯರು. ಅವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಒಂದು ಕೆಲಸ ಕೊಟ್ಟು, ನಿಜವಾದ ಹಣವನ್ನೇ ಬಹುಮಾನವಾಗಿಟ್ಟು, ಆಟದ ನಿಯಮಗಳಲ್ಲಿ ಒಂದನ್ನು ಮಾತ್ರ ಬದಲಿಸಿ ಅವರ ನಡವಳಿಕೆ ಹೇಗೆ ಬದಲಾಗುತ್ತದೆಂದು ನೋಡುತ್ತಾರೆ. ಈ ವಿಧಾನವನ್ನು ಬೆಳೆಸಿದ ಅಮೆರಿಕದ ವೆರ್ನನ್ ಸ್ಮಿತ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಪ್ರಯೋಗವನ್ನು ಕೋಣೆಯಿಂದ ಹೊರತಂದು ಹಳ್ಳಿ, ಶಾಲೆ, ಆಸ್ಪತ್ರೆಗಳಲ್ಲಿ ನಡೆಸಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ಅದೇ ಗೌರವ ಸಂದಿತು.

ಈ ವಿಧಾನದಿಂದ ಕೇಳಿದ ಪ್ರಶ್ನೆಗಳಲ್ಲಿ ಒಂದು ನಮಗೆಲ್ಲ ಬೇಕಾದದ್ದು. ಗಂಡು ಮತ್ತು ಹೆಣ್ಣಿನ ಸಾಧನೆಯಲ್ಲಿ ಕಾಣುವ ವ್ಯತ್ಯಾಸ ಸಾಮರ್ಥ್ಯದಿಂದ ಬಂದದ್ದೋ, ಆಟದ ನಿಯಮದಿಂದ ಬಂದದ್ದೋ ಅಥವಾ ನೋಡುವವರ ಕಣ್ಣಿನಿಂದ ಬಂದದ್ದೋ?

ನಿಯಮ ಬದಲಾದರೆ ಅಂಕವೂ ಬದಲು

ಮೊದಲು ನನ್ನ ವಿದ್ಯಾರ್ಥಿನಿಯ ಕಥೆಗೇ ಬರೋಣ. ಅಮೆರಿಕದಲ್ಲಿ ಕ್ಯಾಥರಿನ್ ಬಾಲ್ಡಿಗಾ ಎಂಬ ಅರ್ಥಶಾಸ್ತ್ರಜ್ಞೆ ಇಂಥದ್ದೇ ಪರೀಕ್ಷೆಯೊಂದನ್ನು ಪ್ರಯೋಗವಾಗಿ ನಡೆಸಿದರು. ಅದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆಯ ಮಾದರಿಯಲ್ಲಿ ಇತಿಹಾಸದ ಪ್ರಶ್ನೆಗಳನ್ನು ಕೊಟ್ಟರು. ಒಂದು ಗುಂಪಿಗೆ ತಪ್ಪು ಉತ್ತರಕ್ಕೆ ಯಾವ ದಂಡವೂ ಇಲ್ಲ. ಇನ್ನೊಂದು ಗುಂಪಿಗೆ ತಪ್ಪಿದರೆ ಕಾಲು ಅಂಕ ಕಡಿತ. ದಂಡವಿಲ್ಲದ ಗುಂಪಿನಲ್ಲಿ ಗಂಡಸರು, ಹೆಂಗಸರು ಎಲ್ಲರೂ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿದರು. ದಂಡವಿದ್ದ ಗುಂಪಿನಲ್ಲಿ ಹೆಂಗಸರು ಗಂಡಸರಿಗಿಂತ ಗಮನಾರ್ಹವಾಗಿ ಹೆಚ್ಚು ಪ್ರಶ್ನೆಗಳನ್ನು ಬಿಟ್ಟರು. ಇಬ್ಬರ ತಿಳಿವಳಿಕೆಯನ್ನೂ ಬೇರೆಯಾಗಿ ಅಳೆದು ನೋಡಿದರೆ ಅದರಲ್ಲಿ ವ್ಯತ್ಯಾಸವಿರಲಿಲ್ಲ. ಸಮಾನವಾಗಿ ತಿಳಿದವರಲ್ಲಿ ಬಿಟ್ಟವರಿಗೆ ಅಂಕ ಕಡಿಮೆ ಬಂದಿತ್ತು, ಅಷ್ಟೇ.

ಕೋಣೆಯೊಳಗಿನ ಮಾತು ಹೊರಗೂ ನಿಜವೇ? ಇದಕ್ಕೆ ಉತ್ತರ ಕೊಟ್ಟದ್ದು ದಕ್ಷಿಣ ಅಮೆರಿಕದ ಚಿಲಿ ದೇಶ. ಅಲ್ಲಿ ಕಾಲೇಜು ಸೇರಲು ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ. ಅದರಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇತ್ತು. 2015ರಲ್ಲಿ ಅದನ್ನು ಕೈಬಿಟ್ಟರು. ಅದೇ ಕ್ಯಾಥರಿನ್ (ಈಗ ಅವರ ಹೆಸರು ಕ್ಯಾಥರಿನ್ ಕಾಫ್‌ಮನ್) ಮತ್ತು ಡೇವಿಡ್ ಕ್ಲಿನೋವ್‌ಸ್ಕಿ ಎಂಬುವರು ಹಳೆಯ ಮತ್ತು ಹೊಸ ಪದ್ಧತಿಗಳ ಫಲಿತಾಂಶಗಳನ್ನು ಹೋಲಿಸಿ 2020ರಲ್ಲಿ ವರದಿ ಮಾಡಿದರು. ಪ್ರಶ್ನೆ ಬಿಡುವುದರಲ್ಲಿ ಗಂಡು ಹೆಣ್ಣಿನ ನಡುವೆ ಇದ್ದ ಅಂತರ ನೂರಕ್ಕೆ 70ರಷ್ಟು ಇಳಿದಿತ್ತು. ಅಂಕಗಳ ಅಂತರವೂ ಕಿರಿದಾಗಿತ್ತು. ಅದರಲ್ಲೂ ಹೆಚ್ಚು ಲಾಭವಾದದ್ದು ಮೇಲ್ಮಟ್ಟದ ಅಂಕ ಪಡೆಯುವ ಹುಡುಗಿಯರಿಗೆ. ಗಣಿತ, ಸಮಾಜ ವಿಜ್ಞಾನ ಮತ್ತು ರಸಾಯನ ವಿಜ್ಞಾನದಲ್ಲಿ ಇದು ಎದ್ದು ಕಂಡಿತು. ಹುಡುಗಿಯರು ರಾತ್ರೋರಾತ್ರಿ ಜಾಣರಾದರೇ? ಇಲ್ಲ. ಇದ್ದ ಜಾಣ್ಮೆ ಹಾಳೆಯ ಮೇಲೆ ಇಳಿಯಿತು. ಅಮೆರಿಕದ ಸ್ಯಾಟ್ ಪರೀಕ್ಷೆಯೂ 2016ರಿಂದ ತಪ್ಪು ಉತ್ತರಕ್ಕೆ ಅಂಕ ಕಳೆಯುವುದನ್ನು ನಿಲ್ಲಿಸಿದೆ.

ನಾಲ್ವರಲ್ಲಿ ಯಾರು ಮೊದಲು?

ತಿಳಿದಿದ್ದರೂ ಹಿಂಜರಿಯುವುದು ಏಕೆ? ಇದನ್ನು ಇನ್ನಷ್ಟು ಬಿಡಿಸಿ ತೋರಿಸಿದ್ದು ಮ್ಯೂರಿಯಲ್ ನೀಡರ್ಲೆ ಮತ್ತು ಲೀಸ್ ವೆಸ್ಟರ್‌ಲುಂಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನಡೆದ ಈ ಪ್ರಯೋಗದ ವರದಿ 2007ರಲ್ಲಿ ಬಂತು. 40 ಹುಡುಗರು, 40 ಹುಡುಗಿಯರು. ಇಬ್ಬರು ಹುಡುಗರು, ಇಬ್ಬರು ಹುಡುಗಿಯರ ಒಂದೊಂದು ತಂಡ. ಕೆಲಸ ಬಹಳ ಸುಲಭ: ಎರಡಂಕಿಯ ಐದು ಸಂಖ್ಯೆಗಳನ್ನು ಕೂಡುವುದು. ಐದು ನಿಮಿಷದಲ್ಲಿ ಎಷ್ಟು ಲೆಕ್ಕ ಸರಿಯಾಗಿ ಮಾಡುತ್ತಾರೋ ಅಷ್ಟು ಸಂಪಾದನೆ.

ಮೊದಲ ಸುತ್ತಿನಲ್ಲಿ ಪ್ರತಿ ಸರಿ ಲೆಕ್ಕಕ್ಕೆ 50 ಸೆಂಟ್ ಕೂಲಿ. ಎರಡನೆಯ ಸುತ್ತು ಪಂದ್ಯ. ನಾಲ್ವರಲ್ಲಿ ಮೊದಲು ಬಂದವರಿಗೆ ಲೆಕ್ಕಕ್ಕೆ 2 ಡಾಲರ್, ಉಳಿದವರಿಗೆ ಏನೂ ಇಲ್ಲ. ಎರಡೂ ಸುತ್ತುಗಳಲ್ಲಿ ಹುಡುಗ ಹುಡುಗಿಯರ ಸಾಧನೆ ಬಹುತೇಕ ಒಂದೇ. ಪಂದ್ಯದ ಸುತ್ತಿನಲ್ಲಿ ಹುಡುಗರ ಸರಾಸರಿ 12.1, ಹುಡುಗಿಯರದು 11.8. ಇದನ್ನು ವ್ಯತ್ಯಾಸವೆಂದೇ ಕರೆಯುವಂತಿಲ್ಲ. ಮೂರನೆಯ ಸುತ್ತಿನಲ್ಲಿ ಆಯ್ಕೆ ಅವರಿಗೇ ಬಿಟ್ಟದ್ದು: ಕೂಲಿಯೋ, ಪಂದ್ಯವೋ? ಹುಡುಗರಲ್ಲಿ ನೂರಕ್ಕೆ 73 ಮಂದಿ ಪಂದ್ಯ ಆರಿಸಿಕೊಂಡರು. ಹುಡುಗಿಯರಲ್ಲಿ ನೂರಕ್ಕೆ 35 ಮಾತ್ರ!

ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು: “ನಿಮ್ಮ ನಾಲ್ವರಲ್ಲಿ ನೀವು ಎಷ್ಟನೆಯವರು?” ತಾನೇ ಮೊದಲು ಎಂದ ಹುಡುಗರು ನೂರಕ್ಕೆ 75. ಲೆಕ್ಕ ಹಾಕಿ ನೋಡಿ, ನಾಲ್ವರಲ್ಲಿ ಮೊದಲಿಗರು ಒಬ್ಬರೇ ಇರಲು ಸಾಧ್ಯ, ಅಂದರೆ ನೂರಕ್ಕೆ 25. ಹುಡುಗಿಯರಲ್ಲಿ ಹಾಗೆಂದವರು ನೂರಕ್ಕೆ 43. ಅವರೂ ಸ್ವಲ್ಪ ಹೆಚ್ಚೇ ಅಂದುಕೊಂಡಿದ್ದರು ನಿಜ, ಆದರೆ ಹುಡುಗರಷ್ಟಲ್ಲ.

ಈ ಪ್ರಯೋಗದ ತೀರ್ಪು ಎರಡೂ ಕಡೆಗೆ ಕಿವಿ ಹಿಂಡುತ್ತದೆ. ಗೆಲ್ಲಬಹುದಾಗಿದ್ದ ಹುಡುಗಿಯರು ಪಂದ್ಯದಿಂದ ದೂರ ಉಳಿದು ಹಣ ಕಳೆದುಕೊಂಡರು. ಸೋಲುವುದು ಖಂಡಿತವಾಗಿದ್ದ ಹುಡುಗರು ಪಂದ್ಯಕ್ಕೆ ನುಗ್ಗಿ ಹಣ ಕಳೆದುಕೊಂಡರು. ನನ್ನ ಕಟ್ಟಿನಲ್ಲಿದ್ದ ಆ ಎರಡು ಹಾಳೆಗಳು ನೆನಪಾದವು. 27 ಖಾಲಿ ಬಿಟ್ಟ ಹುಡುಗಿಗೆ ಒಂದು ಪಾಠ ಬೇಕಾದರೆ, 23 ತಪ್ಪು ಮಾಡಿಯೂ ಎದೆಯುಬ್ಬಿಸಿ ಓಡಾಡುತ್ತಿದ್ದ ಹುಡುಗನಿಗೆ ಇನ್ನೊಂದು ಬೇಕಿತ್ತು.

ಹುಟ್ಟುಗುಣವೇ, ಕಲಿತ ಗುಣವೇ?

“ಹೆಣ್ಣುಮಕ್ಕಳ ಸ್ವಭಾವವೇ ಹಾಗೆ” ಎಂದು ಮಾತು ಮುಗಿಸುವವರು ಉಂಟು. ಸ್ವಭಾವವೇ ಆಗಿದ್ದರೆ ಎಲ್ಲ ಕಡೆಯೂ ಹಾಗೇ ಇರಬೇಕಲ್ಲವೇ? ಯೂರಿ ಗ್ನೀಜಿ, ಕೆನೆತ್ ಲಿಯೊನಾರ್ಡ್ ಮತ್ತು ಜಾನ್ ಲಿಸ್ಟ್ ಎಂಬ ಮೂವರು ಇದನ್ನು ಪರೀಕ್ಷಿಸಲು ಎರಡು ಸಮಾಜಗಳನ್ನು ಆರಿಸಿಕೊಂಡರು. ಒಂದು ಆಫ್ರಿಕದ ತಾಂಜಾನಿಯಾದ ಮಸಾಯ್ ಜನ. ಅಲ್ಲಿ ಎಲ್ಲ ಅಧಿಕಾರವೂ ಗಂಡಸರದು. ಇನ್ನೊಂದು ನಮ್ಮ ದೇಶದ್ದೇ ಆದ ಮೇಘಾಲಯದ ಖಾಸಿ ಜನ. ಖಾಸಿಗಳಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತದೆ, ಮನೆ ಆಸ್ತಿ ಕಿರಿಯ ಮಗಳಿಗೆ ಸೇರುತ್ತದೆ. ಕರಾವಳಿಯ ಅಳಿಯಸಂತಾನ ಪದ್ಧತಿ ಬಲ್ಲ ನಮ್ಮವರಿಗೆ ತಾಯಿಯ ಕಡೆಯಿಂದ ವಂಶ ಹೇಳುವುದು ತೀರ ಹೊಸದೇನಲ್ಲ.

ಓದುಬರಹ ಬಾರದವರೂ ಆಡಬಹುದಾದ ಆಟವನ್ನೇ ಇಟ್ಟರು. ಮೂರು ಮೀಟರ್ ದೂರದ ಬಕೆಟ್ಟಿಗೆ ಟೆನಿಸ್ ಚೆಂಡು ಎಸೆಯುವುದು, ಹತ್ತು ಅವಕಾಶ. ಬಿದ್ದ ಪ್ರತಿ ಚೆಂಡಿಗೂ ಇಷ್ಟು ಎಂದು ಹಣ ಪಡೆಯಬಹುದು. ಇಲ್ಲವೇ ಕಣ್ಣಿಗೆ ಕಾಣದ ಒಬ್ಬ ಎದುರಾಳಿಯ ಜತೆ ಪಂದ್ಯ ಕಟ್ಟಿ, ಗೆದ್ದರೆ ಅದರ ಮೂರು ಪಟ್ಟು ಪಡೆಯಬಹುದು. ಮಸಾಯ್ ಗಂಡಸರಲ್ಲಿ ನೂರಕ್ಕೆ 50, ಹೆಂಗಸರಲ್ಲಿ 26 ಮಂದಿ ಪಂದ್ಯ ಬಯಸಿದರು. ಖಾಸಿಗಳಲ್ಲಿ? ಹೆಂಗಸರು ನೂರಕ್ಕೆ 54, ಗಂಡಸರು 39! ಲೆಕ್ಕ ತಲೆಕೆಳಗಾಗಿತ್ತು. 2009ರಲ್ಲಿ ಪ್ರಕಟವಾದ ಈ ಪ್ರಯೋಗ ಅರ್ಥಶಾಸ್ತ್ರಜ್ಞರ ನಡುವೆ ದೊಡ್ಡ ಚರ್ಚೆಗೇ ಕಾರಣವಾಯಿತು.

ಮಕ್ಕಳ ವಿಷಯದಲ್ಲೂ ಹೀಗೇ. ಇಸ್ರೇಲಿನ ಶಾಲೆಯ ಒಂಬತ್ತು ಹತ್ತು ವರ್ಷದ ಮಕ್ಕಳನ್ನು 40 ಮೀಟರ್ ಓಡಿಸಿದರು. ಒಬ್ಬೊಬ್ಬರೇ ಓಡಿದಾಗ ಹುಡುಗ ಹುಡುಗಿಯರ ವೇಗದಲ್ಲಿ ವ್ಯತ್ಯಾಸವಿರಲಿಲ್ಲ. ಜೋಡಿಯಾಗಿ ಓಡಿಸಿದಾಗ ಹುಡುಗರ ವೇಗ ಹೆಚ್ಚಿತು, ಹುಡುಗಿಯರದು ಹೆಚ್ಚಲಿಲ್ಲ. ಇದು 2004ರ ವರದಿ. ಆದರೆ ಸ್ವೀಡನ್ನಿನಲ್ಲಿ ಓಟದ ಜತೆಗೆ ಹಗ್ಗದಾಟ, ನೃತ್ಯಗಳನ್ನೂ ಸೇರಿಸಿ ಇಂಥದ್ದೇ ಪ್ರಯೋಗ ಮಾಡಿದಾಗ ಸ್ಪರ್ಧೆಗೆ ಹುಡುಗ ಹುಡುಗಿಯರು ಸ್ಪಂದಿಸಿದ ರೀತಿಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2011ರಲ್ಲಿ ವರದಿಯಾಯಿತು. ಅಂದಮೇಲೆ ಎಲ್ಲವನ್ನೂ ಹುಟ್ಟುಗುಣದ ಲೆಕ್ಕಕ್ಕೆ ಬರೆಯುವಂತಿಲ್ಲ. ಬೆಳೆಯುವ ಮನೆ, ಊರು, ಶಾಲೆಗಳಿಗೂ ಇದರಲ್ಲಿ ಪಾಲಿದೆ.

ಪೆನ್ನು ಹಿಡಿದವರ ಕಣ್ಣು

ಇಲ್ಲಿಯವರೆಗೆ ಪರೀಕ್ಷೆ ಬರೆಯುವವರ ಮಾತಾಯಿತು. ತಿದ್ದುವವರ, ಆರಿಸುವವರ ಮಾತು? ಇದು ನಮ್ಮಂಥ ಮೇಷ್ಟ್ರುಗಳನ್ನು ಕಟಕಟೆಯಲ್ಲಿ ನಿಲ್ಲಿಸುವ ಪ್ರಶ್ನೆ.

ಅಮೆರಿಕದಲ್ಲಿ 127 ಮಂದಿ ವಿಜ್ಞಾನ ಪ್ರಾಧ್ಯಾಪಕರಿಗೆ ಪ್ರಯೋಗಾಲಯದ ವ್ಯವಸ್ಥಾಪಕ ಹುದ್ದೆಗೆ ಬಂದ ಒಂದು ಅರ್ಜಿಯನ್ನು ಕಳಿಸಿದರು. ಅರ್ಜಿ ಎಲ್ಲರಿಗೂ ಅಕ್ಷರಶಃ ಒಂದೇ. ಕೆಲವರಿಗೆ ಹೋದ ಪ್ರತಿಯಲ್ಲಿ ಅರ್ಜಿದಾರನ ಹೆಸರು ಜಾನ್, ಉಳಿದವರ ಪ್ರತಿಯಲ್ಲಿ ಜೆನಿಫರ್. ಜಾನ್‌ಗೆ ಪ್ರಾಧ್ಯಾಪಕರು ಸೂಚಿಸಿದ ಸರಾಸರಿ ವಾರ್ಷಿಕ ಸಂಬಳ 30,238 ಡಾಲರ್. ಜೆನಿಫರ್‌ಗೆ 26,508 ಡಾಲರ್. ಜಾನ್ ಹೆಚ್ಚು ಸಮರ್ಥನೆಂದೂ ಅವರಿಗೆ ಕಂಡಿತ್ತು. ತಮಾಷೆಯೆಂದರೆ ಮಹಿಳಾ ಪ್ರಾಧ್ಯಾಪಕರೂ ಇದಕ್ಕೆ ಹೊರತಾಗಿರಲಿಲ್ಲ. 2012ರಲ್ಲಿ ಬಂದ ಈ ವರದಿಯನ್ನು ಓದಿದವರು 2015ರ ಇನ್ನೊಂದನ್ನೂ ಓದಬೇಕು. ಅಮೆರಿಕದ ಪ್ರಾಧ್ಯಾಪಕ ಹುದ್ದೆಗೆ ಸಮಾನ ಅರ್ಹತೆಯ ಕಾಲ್ಪನಿಕ ಅಭ್ಯರ್ಥಿಗಳ ವಿವರ ಕೊಟ್ಟು ಕೇಳಿದಾಗ, ಒಟ್ಟಾರೆಯಾಗಿ ಪುರುಷರಿಗಿಂತ ಎರಡು ಪಟ್ಟು ಒಲವು ಮಹಿಳೆಯರ ಕಡೆಗಿತ್ತು. ವಿಜ್ಞಾನದಲ್ಲಿ ಒಂದೇ ಪ್ರಯೋಗ ನೋಡಿ ತೀರ್ಪು ಬರೆಯಬಾರದು ಎನ್ನುವುದು ಇದಕ್ಕೇ.

ಭಾರತದಲ್ಲೇ ನಡೆದ ಒಂದು ಪ್ರಯೋಗವಂತೂ ಶಿಕ್ಷಕರ ಬಗ್ಗೆಯೇ. ರೀಮಾ ಹನ್ನಾ ಮತ್ತು ಲೀ ಲಿಂಡನ್ ಎಂಬುವರು 7ರಿಂದ 14 ವರ್ಷದ ಮಕ್ಕಳಿಗೆ ಬಹುಮಾನದ ಪರೀಕ್ಷೆಯೊಂದನ್ನು ಏರ್ಪಡಿಸಿ, ಉತ್ತರಪತ್ರಿಕೆಗಳನ್ನು ತಿದ್ದಲು 120 ಶಿಕ್ಷಕರಿಗೆ ಕೊಟ್ಟರು. ಪ್ರತಿ ಪತ್ರಿಕೆಯ ಮುಖಪುಟದಲ್ಲಿ ಮಗುವಿನ ವಯಸ್ಸು, ಲಿಂಗ, ಜಾತಿ ಬರೆದಿತ್ತು. ಆದರೆ ಅದು ಆ ಮಗುವಿನದೇ ವಿವರವಲ್ಲ, ಚೀಟಿ ಎತ್ತಿದಂತೆ ಹಂಚಿ ಬರೆದದ್ದು. ಫಲಿತಾಂಶ 2012ರಲ್ಲಿ ಹೊರಬಂತು. ಹುಡುಗಿಯೆಂದು ಬರೆದ ಮಾತ್ರಕ್ಕೆ ಅಂಕ ಕಡಿಮೆಯಾಗಿರಲಿಲ್ಲ. ಇದು ಸಮಾಧಾನದ ಸಂಗತಿ. ಆದರೆ ಕೆಳಜಾತಿಯೆಂದು ಬರೆದಿದ್ದ ಪತ್ರಿಕೆಗಳಿಗೆ ಅಂಕ ಕಡಿಮೆ ಬಿದ್ದಿತ್ತು. ಕಡಿಮೆಯಾದದ್ದು ಸ್ವಲ್ಪವೇ, ಆದರೂ ಕಡಿಮೆಯೇ. ಇನ್ನೂ ಯೋಚಿಸಬೇಕಾದ ಮಾತೆಂದರೆ, ಹಾಗೆ ಕಡಿಮೆ ಕೊಟ್ಟವರು ಮುಖ್ಯವಾಗಿ ಕೆಳಜಾತಿಯ ಶಿಕ್ಷಕರೇ ಆಗಿದ್ದರು. ಜೆನಿಫರ್‌ಗೆ ಕಡಿಮೆ ಸಂಬಳ ಸೂಚಿಸಿದ ಮಹಿಳೆಯರ ಕಥೆಯೂ ಇದೇ ತಾನೇ? ತಾರತಮ್ಯ ಮಾಡಲು ಕೆಟ್ಟವರೇ ಆಗಿರಬೇಕಿಲ್ಲ, ಎದುರು ಗುಂಪಿನವರೂ ಆಗಿರಬೇಕಿಲ್ಲ. ಸುತ್ತಲಿನ ಗಾಳಿಯಲ್ಲಿರುವ ನಂಬಿಕೆ ಎಲ್ಲರ ಮೂಗಿಗೂ ಹೋಗುತ್ತದೆ.

ಇಸ್ರೇಲಿನಲ್ಲಿ ವಿಕ್ಟರ್ ಲೇವಿ ಎಂಬ ಅರ್ಥಶಾಸ್ತ್ರಜ್ಞರು ಪ್ರೌಢಶಾಲೆಯ ಅಂತಿಮ ಪರೀಕ್ಷೆಗಳಲ್ಲಿ ಹೆಸರು ಕಾಣದೆ ಹೊರಗಿನವರು ತಿದ್ದಿದ ಅಂಕವನ್ನೂ, ಮಗುವನ್ನು ಬಲ್ಲ ಶಿಕ್ಷಕರು ಕೊಟ್ಟ ಅಂಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 2008ರ ಅವರ ವರದಿಯ ಪ್ರಕಾರ ಅಲ್ಲಿ ನಷ್ಟವಾಗಿದ್ದು ಹುಡುಗರಿಗೆ! ಯಾರ ಕಡೆಗೆ ವಾಲುತ್ತದೆ ಎಂಬುದು ಊರಿಂದ ಊರಿಗೆ ಬದಲಾಗಬಹುದು. ತಕ್ಕಡಿ ವಾಲಬಹುದು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ನಮ್ಮ ಎಸ್‌ಎಸ್‌ಎಲ್‌ಸಿ ಪತ್ರಿಕೆಗಳನ್ನು ಹೆಸರಿಲ್ಲದೆ ಬೇರೆ ಕಡೆ ತಿದ್ದಿಸುವ ಪದ್ಧತಿಯ ಬೆಲೆ ನನಗೆ ಪೂರ್ತಿ ಅರ್ಥವಾದದ್ದು ಇದನ್ನು ಓದಿದ ಮೇಲೆಯೇ.

ಕಣ್ಣೆದುರು ಒಬ್ಬರು ಬೇಕು

ಹಾಗಾದರೆ ಇದನ್ನು ಬದಲಿಸಲು ಆಗುವುದಿಲ್ಲವೇ? ಆಗುತ್ತದೆ ಎನ್ನುವುದಕ್ಕೂ ಪ್ರಯೋಗದ ಆಧಾರವಿದೆ.

ಪಂಚಾಯತಿಯಲ್ಲಿ ಮಹಿಳೆಯರಿಗೆ ಮೀಸಲಾತಿ ಎಂದಾಗ ಕನ್ನಡಿಗರು ಹೆಮ್ಮೆಪಡಬಹುದು. ನಮ್ಮ ರಾಜ್ಯದ 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯತಿ ಚುನಾವಣೆ ನಡೆದಾಗಲೇ ಮಹಿಳೆಯರಿಗೆ ನೂರಕ್ಕೆ 25ರಷ್ಟು ಸ್ಥಾನ ಮೀಸಲಾಗಿತ್ತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ದೇಶದಲ್ಲೆಲ್ಲ ಮೂರನೇ ಒಂದು ಭಾಗ ಸ್ಥಾನಗಳ ಜತೆಗೆ ಮುಖ್ಯಸ್ಥರ ಹುದ್ದೆಗಳಲ್ಲೂ ಮೂರನೇ ಒಂದು ಭಾಗ ಮಹಿಳೆಯರಿಗೆ ದೊರೆಯಿತು. ಪಶ್ಚಿಮ ಬಂಗಾಳದಲ್ಲಿ ಯಾವ ಪಂಚಾಯತಿಗೆ ಮಹಿಳಾ ಪ್ರಧಾನರು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿದ್ದುದರಿಂದ ಅದು ತಾನಾಗಿಯೇ ಒಂದು ದೊಡ್ಡ ಪ್ರಯೋಗವಾಯಿತು. ಎಸ್ತರ್ ಡುಫ್ಲೊ, ಲೋರಿ ಬೀಮನ್, ರೋಹಿಣಿ ಪಾಂಡೆ ಮತ್ತು ಪೆಟಿಯಾ ಟೊಪಲೋವಾ ಅವರು ಬೀರ್‌ಭೂಮ್ ಜಿಲ್ಲೆಯ 495 ಹಳ್ಳಿಗಳಲ್ಲಿ 11ರಿಂದ 15 ವರ್ಷದ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಮಾತನಾಡಿಸಿದರು. ಮಕ್ಕಳು ಎಷ್ಟು ಓದಬೇಕು, ಏನಾಗಬೇಕು ಎಂಬ ಆಸೆಯಲ್ಲಿ ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಅಳತೆ ಇತ್ತು. ಎರಡು ಅವಧಿಗೆ ಮಹಿಳೆ ಪ್ರಧಾನರಾಗಿದ್ದ ಹಳ್ಳಿಗಳಲ್ಲಿ ಈ ಅಂತರ ಪೋಷಕರಲ್ಲಿ ನೂರಕ್ಕೆ 20ರಷ್ಟು, ಮಕ್ಕಳಲ್ಲಿ ನೂರಕ್ಕೆ 32ರಷ್ಟು ಕುಗ್ಗಿತ್ತು. ಓದಿನಲ್ಲಿದ್ದ ಅಂತರ ಅಳಿಸಿಯೇ ಹೋಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುತ್ತಿದ್ದ ಸಮಯವೂ ಕಡಿಮೆಯಾಗಿತ್ತು. 2012ರ ಈ ವರದಿ ಹೇಳುವಂತೆ ಇದಕ್ಕೆ ಹೊಸ ಉದ್ಯೋಗಗಳು ಕಾರಣವಲ್ಲ. ಅಧಿಕಾರದಲ್ಲಿ ಕೂತ ಒಬ್ಬ ಹೆಣ್ಣುಮಗಳನ್ನು ಕಣ್ಣಾರೆ ಕಂಡದ್ದೇ ಕಾರಣ.

ಟರ್ಕಿಯ ಇಸ್ತಾಂಬುಲ್ ನಗರದ ಪ್ರಾಥಮಿಕ ಶಾಲೆಗಳಲ್ಲಿ ಶೂಲೆ ಆಲನ್ ಮತ್ತು ಸೆದಾ ಎರ್ತಾಚ್ ಎಂಬುವರು ಇನ್ನೊಂದು ದಾರಿ ಹಿಡಿದರು. ಸಾಮರ್ಥ್ಯ ಹುಟ್ಟಿನಿಂದ ಬಂದ ಗಂಟಲ್ಲ, ಪ್ರಯತ್ನದಿಂದ ಬೆಳೆಯುವಂಥದ್ದು, ಸೋಲು ಕಲಿಕೆಯ ಒಂದು ಹಂತ ಎಂಬ ಪಾಠಗಳನ್ನು ಶಿಕ್ಷಕರಿಂದ ಮಾಡಿಸಿದರು. ಆ ಪಾಠ ಕೇಳಿದ ತರಗತಿಗಳಲ್ಲಿ ಪಂದ್ಯ ಆರಿಸಿಕೊಳ್ಳುವುದರಲ್ಲಿ ಹುಡುಗ ಹುಡುಗಿಯರ ನಡುವೆ ಇದ್ದ ಅಂತರ ಮಾಯವಾಗಿತ್ತೆಂದು 2019ರಲ್ಲಿ ಪ್ರಕಟವಾಯಿತು.

ಒಂದು ಸಣ್ಣ ಲೆಕ್ಕ

ಈಗ ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಒಂದು ಲೆಕ್ಕ. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ 1 ಕಡಿತ ಎಂದೆನಲ್ಲ. ನಾಲ್ಕು ಉತ್ತರಗಳಲ್ಲಿ ಯಾವುದೆಂದು ಏನೇನೂ ಗೊತ್ತಿಲ್ಲದೆ ಗುರುತು ಹಾಕಿದಿರಿ ಎನ್ನಿ. ಅಂಥ ನಾಲ್ಕು ಪ್ರಶ್ನೆಗಳಲ್ಲಿ ಸರಾಸರಿ ಒಂದು ಸರಿ, ಮೂರು ತಪ್ಪು. 4ರಲ್ಲಿ 3 ಕಳೆದರೆ 1. ಅಂದರೆ ಪ್ರಶ್ನೆಗೆ ಕಾಲು ಅಂಕ. ಇಷ್ಟಕ್ಕೆ ಅದೃಷ್ಟವನ್ನು ನಂಬುವುದು ಬೇಡ ಎನ್ನಬಹುದು, ಒಪ್ಪೋಣ. ಆದರೆ ನಾಲ್ಕರಲ್ಲಿ ಒಂದು ಖಂಡಿತ ತಪ್ಪು ಎಂದು ಗೊತ್ತಿದ್ದು ಅದನ್ನು ಹೊಡೆದುಹಾಕಿದರೆ ಸರಾಸರಿ ಲಾಭ ಮೂರನೇ ಎರಡು ಅಂಕಕ್ಕೆ ಏರುತ್ತದೆ. ಎರಡನ್ನು ಹೊಡೆದುಹಾಕಿ ಉಳಿದ ಎರಡರಲ್ಲಿ ಅನುಮಾನವಿದ್ದರೆ ಸರಾಸರಿ ಒಂದೂವರೆ ಅಂಕ. ಇಂಥ ಇಪ್ಪತ್ತು ಪ್ರಶ್ನೆಗಳನ್ನು ಖಾಲಿ ಬಿಟ್ಟು ಬಂದವರು ಸುಮಾರು ಮೂವತ್ತು ಅಂಕವನ್ನು ಪರೀಕ್ಷಾ ಕೊಠಡಿಯಲ್ಲೇ ಬಿಟ್ಟು ಬಂದಂತೆ. ನಮ್ಮ ರಾಜ್ಯದ ಸಿಇಟಿಯಲ್ಲಂತೂ ತಪ್ಪಿಗೆ ಅಂಕ ಕಳೆಯುವುದೇ ಇಲ್ಲ. ಅಲ್ಲಿ ಒಂದು ವೃತ್ತವನ್ನೂ ಖಾಲಿ ಬಿಡಲು ಕಾರಣವಿಲ್ಲ.

ಪೋಷಕರಲ್ಲಿ ನನ್ನದೊಂದು ವಿನಂತಿ. ಮಗ ಲೆಕ್ಕ ತಪ್ಪಿದರೆ “ಗಮನ ಕೊಡಲಿಲ್ಲ” ಎನ್ನುತ್ತೇವೆ. ಮಗಳು ತಪ್ಪಿದರೆ “ಅವಳಿಗೆ ಲೆಕ್ಕ ಕಷ್ಟ” ಎನ್ನುತ್ತೇವೆ. ತಪ್ಪು ಒಂದೇ, ತೀರ್ಪು ಎರಡು. ಮಗ ಸೈಕಲ್ಲಿನಿಂದ ಬಿದ್ದು ಬಂದರೆ “ಮತ್ತೆ ಹತ್ತು” ಎನ್ನುವ ನಾವೇ ಮಗಳಿಗೆ “ನಾಳೆ ನೋಡೋಣ ಇಳಿ” ಎನ್ನುತ್ತೇವೆ. ತಪ್ಪು ಮಾಡಿದರೆ ಪ್ರಳಯವಾಗುವುದಿಲ್ಲ ಎಂಬ ಧೈರ್ಯ ಮಕ್ಕಳಿಗೆ ಬರುವುದು ಪುಸ್ತಕದಿಂದಲ್ಲ, ಮನೆಯ ಇಂಥ ಮಾತುಗಳಿಂದ.

ನಾನೂ ಕೆಲವನ್ನು ತಿದ್ದಿಕೊಂಡಿದ್ದೇನೆ. ಮೊದಲೆಲ್ಲ ಕ್ವಿಜ್ ತಂಡಕ್ಕೆ “ಯಾರು ಬರ್ತೀರಿ, ಕೈ ಎತ್ತಿ” ಎನ್ನುತ್ತಿದ್ದೆ. ಎತ್ತುತ್ತಿದ್ದವರು ಹೆಚ್ಚಾಗಿ ಹುಡುಗರು. ಈಗ ಎಲ್ಲರಿಗೂ ಒಂದು ಸಣ್ಣ ಪರೀಕ್ಷೆ ಕೊಟ್ಟು, ಹೆಸರಿನ ಬದಲು ಸಂಖ್ಯೆ ಬರೆಸಿ, ತಿದ್ದಿದ ಮೇಲೆ ಹೆಸರು ನೋಡುತ್ತೇನೆ. ವಿದ್ಯುತ್ ಮಂಡಲದ ಪ್ರಯೋಗದಲ್ಲಿ ತಂತಿ ಜೋಡಿಸುವವರು ಹುಡುಗರು, ಅಂದವಾಗಿ ರೀಡಿಂಗ್ ಬರೆದುಕೊಳ್ಳುವವರು ಹುಡುಗಿಯರು ಎಂಬ ಹಂಚಿಕೆ ನನ್ನ ಪ್ರಯೋಗಾಲಯದಲ್ಲಿ ಎಷ್ಟೋ ವರ್ಷ ನಡೆದಿತ್ತು. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ಈಗ ಪ್ರತಿ ವಾರ ಕೆಲಸ ಅದಲು ಬದಲು.

ಆ ಹುಡುಗಿಗೆ ಈ ಲೆಕ್ಕವನ್ನೆಲ್ಲ ಹಲಗೆಯ ಮೇಲೆ ಬರೆದು ತೋರಿಸಿದೆ. ತುಂಬ ಹೊತ್ತು ನೋಡಿದಳು. “ಹಾಗಾದ್ರೆ ಪೂರ್ತಿ ಗೊತ್ತಿಲ್ದೇ ಇದ್ರೂ ಬರೀಬಹುದಾ ಸಾರ್?” ಎಂದಳು. “ಅರ್ಧ ಗೊತ್ತಿರೋದಕ್ಕೂ ಬೆಲೆ ಇದೆಯಮ್ಮ. ಅದನ್ನೂ ಎಣಿಸಿಕೋ” ಎಂದೆ. ಮುಂದಿನ ತಿಂಗಳ ಅಭ್ಯಾಸ ಪರೀಕ್ಷೆಯಲ್ಲಿ ಅವಳು ಖಾಲಿ ಬಿಟ್ಟದ್ದು ಆರು ಪ್ರಶ್ನೆ. ತಪ್ಪುಗಳು ಹೆಚ್ಚಾಗಿದ್ದವು. ಅಂಕಗಳೂ ಹೆಚ್ಚಾಗಿದ್ದವು. ಹಾಳೆ ಹಿಂದಿರುಗಿಸುವಾಗ ಆ ತಪ್ಪುಗಳನ್ನು ತೋರಿಸಿ ನಾನು ಬೈಯುತ್ತೇನೆಂದು ಕಾದು ನಿಂತಿದ್ದಳು. ನಾನು ಬೈಯಲಿಲ್ಲ.